ಸಹಾಯ ಬೇಕು: ಹೈಬ್ರಿಡ್ ತೆಂಗಿನ ಸಸಿಗೆ ಕೇಸರಿ ಬಣ್ಣ ಎಲ್ಲಿಂದ ಬಂತು?

ನಮಸ್ಕಾರ. ಬದಿಯಡ್ಕದ ಹತ್ತಿರ ನಮ್ಮ ತೋಟ. ಮನೆ ಹಿಂದೆ ಚಂದ್ರಸಂಕರ ಅನ್ನುವ ಹೈಬ್ರಿಡ್ ತೆಂಗಿನ ಎರಡು ಮರ ಇವೆ. ಇದರ ತಾಯಿ ಗಿಡ್ಡ ಕೇಸರಿ ತೆಂಗು, ತಂದೆ ಎತ್ತರದ ಊರ ತೆಂಗು. ಫಸಲು ಚೆನ್ನಾಗಿದೆ ಅಂತ ಅದರದ್ದೇ ಕಾಯಿ ಮೊಳಕೆಗೆ ಇಟ್ಟೆ. 15 ಸಸಿ ಬಂದವು. 11 ಸಸಿಗಳ ದಂಟು ಹಸಿರು, ಕಂದು. ಉಳಿದ 4ರದ್ದು ಹಣ್ಣಡಿಕೆ ಹಾಗೆ ಕೇಸರಿ!

ಬಿಸಿಲು ಸಾಲದು, ಗೊಬ್ಬರ ಹಾಕಿ ಅಂದರು ಒಬ್ಬರು. ಎರಡು ತಿಂಗಳು ಮಾಡಿ ನೋಡಿದೆ, ಬಣ್ಣ ಬದಲಾಗಲಿಲ್ಲ.

ಹತ್ತನೇ ಕ್ಲಾಸಿನ ಮಗಳು, ತಂದೆತಾಯಿಯ ಗುಣ ಸಸಿಗೆ ಹೇಗೆ ಬರುತ್ತದೆ ಅಂತ ಚೌಕ ಬರೆದು ತೋರಿಸಿದಳು. ನಮ್ಮ ಮರದಲ್ಲಿ ಬಣ್ಣದ ಜೀನ್‌ನ ಎರಡು ರೂಪ (ಅಲೀಲ್) ಇವೆ: ಒಂದು ಹಸಿರು ಅಲೀಲ್, ಒಂದು ಕೇಸರಿ ಅಲೀಲ್. ಹಸಿರು ಪ್ರಬಲ, ಹಾಗಾಗಿ ಕೇಸರಿ ಅಡಗಿರುತ್ತದೆ. ಅದು ಕಾಣಬೇಕಾದರೆ ತಾಯಿ, ತಂದೆ ಇಬ್ಬರಿಂದಲೂ ಕೇಸರಿಯೇ ಬರಬೇಕು. ಇಷ್ಟು ಅರ್ಥವಾಯಿತು.

ಆದರೆ ಸುತ್ತ ಇರುವುದೆಲ್ಲ ಊರ ತೆಂಗು ಅಲ್ವಾ? ಪರಾಗ ಅವುಗಳದ್ದಾದರೆ ಎರಡನೇ ಕೇಸರಿ ಅಲೀಲ್ ಎಲ್ಲಿಂದ ಬಂತು? ಎತ್ತರದ ತಳಿಯಲ್ಲಿ ಒಂದೇ ಹೊಂಬಾಳೆಯ ಗಂಡು ಹೂ, ಹೆಣ್ಣು ಹೂ ಸಿದ್ಧವಾಗುವ ಮೊದಲೇ ಉದುರುತ್ತದೆ, ಹಾಗಾಗಿ ಅದೇ ಹೊಂಬಾಳೆಯ ಪರಾಗ ಅದಕ್ಕೆ ಸಿಗುವುದಿಲ್ಲ ಅಂತಾರೆ. ಹೈಬ್ರಿಡ್‌ನಲ್ಲೂ ಹಾಗೆಯೇನಾ?

ತಿಳಿದವರು ದಯವಿಟ್ಟು ಹೇಳಿ: ಈ ಎರಡು ಹೈಬ್ರಿಡ್ ಮರಗಳ ನಡುವೆಯೇ ಪರಾಗಸ್ಪರ್ಶ ಆಗಿರಬಹುದಾ, ಅಥವಾ ದಂಟಿನ ಬಣ್ಣಕ್ಕೆ ಒಂದಕ್ಕಿಂತ ಜಾಸ್ತಿ ಜೀನ್ ಇದೆಯಾ?