ಟೈಫಾಯಿಡ್ ವಾಸಿಯಾದ ಮೇಲೆ ಮಲ ಪರೀಕ್ಷೆ: ‘ನಾರ್ಮಲ್’ ವರದಿಯನ್ನು ನಂಬಬಹುದೇ?

ಪ್ರಶ್ನೆ: ಡಾಕ್ಟರೇ, ನಮಸ್ಕಾರ. ಹುಬ್ಬಳ್ಳಿಯಲ್ಲಿ ಚಿಕ್ಕದೊಂದು ಖಾನಾವಳಿ ನಡೆಸುತ್ತೇನೆ. ನಮ್ಮಲ್ಲಿ ರೊಟ್ಟಿ ಬಡಿಯುವ ಅಕ್ಕನವರಿಗೆ ಎರಡು ತಿಂಗಳ ಹಿಂದೆ ಟೈಫಾಯಿಡ್ ಬಂದು, ಚಿಕಿತ್ಸೆ ಮುಗಿದು, ಈಗ ಆರೋಗ್ಯವಾಗಿದ್ದಾರೆ. ಮಲ ಪರೀಕ್ಷೆಯ ವರದಿ ‘ನಾರ್ಮಲ್’ ಎನ್ನುತ್ತದೆ, ವೈಡಾಲ್ ಮಾತ್ರ ಇನ್ನೂ ಪಾಸಿಟಿವ್ ಇದೆ. ಯಾವುದನ್ನು ನಂಬಬೇಕು?

ಉತ್ತರ: ನಮಸ್ಕಾರ. ಅಕ್ಕನವರ ದೇಹದಲ್ಲಿ ಟೈಫಾಯಿಡ್ ರೋಗಾಣು ಇನ್ನೂ ಉಳಿದಿದೆಯೇ ಎಂಬುದಕ್ಕೆ ಉತ್ತರ ಈ ಎರಡು ವರದಿಗಳಲ್ಲಿಯೂ ಇಲ್ಲ. ವೈಡಾಲ್ ರಕ್ತದಲ್ಲಿನ ಪ್ರತಿಕಾಯಗಳನ್ನು ಅಳೆಯುತ್ತದೆ. ಅವು ಕಾಯಿಲೆ ವಾಸಿಯಾದ ಮೇಲೂ ತಿಂಗಳುಗಟ್ಟಲೆ ಉಳಿಯಬಹುದು. ಸಾಮಾನ್ಯ ಮಲ ಪರೀಕ್ಷೆಯಲ್ಲಿ ಸೂಕ್ಷ್ಮದರ್ಶಕದಡಿ ಕೀವುಕಣ, ಜಂತುಹುಳುವಿನ ಮೊಟ್ಟೆ, ಅಮೀಬಾಗಳನ್ನು ಹುಡುಕುತ್ತಾರೆಯೇ ಹೊರತು, ಕರುಳಿನ ಇತರ ಬ್ಯಾಕ್ಟೀರಿಯಾಗಳಂತೆಯೇ ಕಾಣುವ, ಟೈಫಾಯಿಡ್ ತರುವ ಸಾಲ್ಮೊನೆಲ್ಲಾ ಟೈಫಿಯನ್ನು ಅಲ್ಲಿ ಗುರುತಿಸಲಾಗದು. ಅದಕ್ಕೆ ‘ಸ್ಟೂಲ್ ಕಲ್ಚರ್’, ಅಂದರೆ ಮಲದಲ್ಲಿನ ಬ್ಯಾಕ್ಟೀರಿಯಾವನ್ನು ಲ್ಯಾಬಿನಲ್ಲಿ ಬೆಳೆಸಿ ನೋಡುವ ಪರೀಕ್ಷೆ, ಆಗಬೇಕು. ಮಾದರಿಯನ್ನು ಮೊದಲು ಈ ಬ್ಯಾಕ್ಟೀರಿಯಾ ಬೆಳೆಯಲು ನೆರವಾಗುವ ಸೆಲೆನೈಟ್ ದ್ರವದಲ್ಲಿಟ್ಟು, ಬಳಿಕ ಮೆಕಾಂಕಿ ಅಗಾರ್‌ನಂಥ ಮಾಧ್ಯಮದ ಮೇಲೆ ಬೆಳೆಸಿ, ಬಣ್ಣವಿಲ್ಲದ ಕಾಲೊನಿಗಳನ್ನು (ಬ್ಯಾಕ್ಟೀರಿಯಾ ಗುಂಪುಗಳನ್ನು) ಮತ್ತಷ್ಟು ಪರೀಕ್ಷಿಸಿ ಖಚಿತಪಡಿಸಬೇಕಾದ್ದರಿಂದ ವರದಿಗೆ ಕೆಲವು ದಿನ ಹಿಡಿಯುತ್ತದೆ.

ಪ್ರಶ್ನೆ: ಕಲ್ಚರ್ ಒಮ್ಮೆ ಮಾಡಿಸಿದರೆ ಸಾಕೇ?

ಉತ್ತರ: ಸಾಲದು. ರೋಗಿಗಳಲ್ಲಿ ನೂರಕ್ಕೆ 1ರಿಂದ 5 ಮಂದಿ, ಅದರಲ್ಲೂ ಪಿತ್ತಕೋಶದಲ್ಲಿ ಕಲ್ಲಿರುವವರು, ದೀರ್ಘಕಾಲದ ವಾಹಕರಾಗುತ್ತಾರೆ, ಅಂದರೆ ತಾವು ಆರೋಗ್ಯವಾಗಿ ಕಂಡರೂ ರೋಗಾಣುವನ್ನು ಹೊತ್ತು ಇತರರಿಗೆ ಹರಡಬಲ್ಲರು. ಪಿತ್ತಕೋಶದಲ್ಲಿ ನೆಲೆಸಿದ ಬ್ಯಾಕ್ಟೀರಿಯಾ ಪಿತ್ತರಸದೊಡನೆ ಆಗಾಗ ಮಾತ್ರ ಹೊರಬೀಳುವುದರಿಂದ ಒಂದು ದಿನದ ಮಾದರಿಯಲ್ಲಿ ಅದು ಸಿಗದೆ ಹೋಗಬಹುದು. ಆದ್ದರಿಂದ ಜ್ವರ ಶುರುವಾಗಿ ಕನಿಷ್ಠ ಒಂದು ತಿಂಗಳು ಕಳೆದ ಮೇಲೆ, ಆಂಟಿಬಯೋಟಿಕ್ ನಿಲ್ಲಿಸಿ ಕನಿಷ್ಠ 48 ಗಂಟೆಗಳಾದ ಬಳಿಕ, ಒಂದೊಂದರ ನಡುವೆ ಕನಿಷ್ಠ 24 ಗಂಟೆ ಬಿಟ್ಟು ತೆಗೆದ ಮೂರು ಮಾದರಿಗಳೂ ಸತತವಾಗಿ ನೆಗೆಟಿವ್ ಬರಬೇಕು. ಮಲಕ್ಕೆ ಮೂತ್ರವಾಗಲಿ ನೀರಾಗಲಿ ಬೆರೆಯದಂತೆ ಸ್ವಚ್ಛ ಡಬ್ಬಿಯಲ್ಲಿ ಸಂಗ್ರಹಿಸಿ, ಎರಡು ಗಂಟೆಯೊಳಗೆ ಲ್ಯಾಬಿಗೆ ತಲುಪಿಸಿ.

ಪ್ರಶ್ನೆ: ಪಾಸಿಟಿವ್ ಬಂದರೆ ಅವರನ್ನು ಕೆಲಸದಿಂದ ಬಿಡಿಸಬೇಕೇ?

ಉತ್ತರ: ದಯವಿಟ್ಟು ಹಾಗೆ ಮಾಡಬೇಡಿ. ನ್ಯೂಯಾರ್ಕಿನ ಅಡುಗೆಯವಳಾಗಿದ್ದ ಮೇರಿ ಮ್ಯಾಲನ್ ಇಂಥ ವಾಹಕಿಯಾಗಿದ್ದು, ಮೊದಲು 1907ರಲ್ಲಿ, ಆಮೇಲೆ 1915ರಿಂದ 1938ರಲ್ಲಿ ಸಾಯುವವರೆಗೂ ದ್ವೀಪವೊಂದರಲ್ಲಿ ಪ್ರತ್ಯೇಕವಾಗಿ ಬದುಕಬೇಕಾಯಿತು. ಆಗ ಆಂಟಿಬಯೋಟಿಕ್ ಚಿಕಿತ್ಸೆ ಇರಲಿಲ್ಲ. ಈಗ ಕಲ್ಚರ್‌ನಲ್ಲಿ ಯಾವ ಔಷಧಿಗೆ ಬ್ಯಾಕ್ಟೀರಿಯಾ ಬಗ್ಗುತ್ತದೆಂದು ನೋಡಿ, ವಾರಗಟ್ಟಲೆ ಮಾತ್ರೆ ಕೊಟ್ಟು ವಾಹಕ ಸ್ಥಿತಿಯನ್ನು ಹೆಚ್ಚಿನವರಲ್ಲಿ ನಿವಾರಿಸಬಹುದು. ಅಲ್ಲಿಯವರೆಗೆ ಸಂಬಳ ಕಡಿಯದೆ ಲೆಕ್ಕ, ಗಲ್ಲಾದಂಥ ಕೆಲಸ ಕೊಡಿ. ಕಾದ ಹಂಚಿನಲ್ಲಿ ಬೇಯುವ ರೊಟ್ಟಿಗಿಂತ, ಅದರ ಪಕ್ಕಕ್ಕೆ ಹಸಿಯಾಗಿಯೇ ಬಡಿಸುವ ಉಳ್ಳಾಗಡ್ಡಿ, ಸೌತೆಕಾಯಿ, ಮೆಂತ್ಯ ಸೊಪ್ಪಿನಿಂದಲೇ ಅಪಾಯ ಹೆಚ್ಚು. ಅವನ್ನು ಹೆಚ್ಚುವವರೆಲ್ಲರೂ ಶೌಚದ ನಂತರ ಸೋಪಿನಿಂದ ಕೈ ತೊಳೆಯುವಂತೆ ಇಂದಿನಿಂದಲೇ ನೋಡಿಕೊಳ್ಳಿ.