ಅಮ್ಮನ ಕೈಗೂ ಒಂದು ಈರುಳ್ಳಿ ಕೊಡಿ

(ಸಮಸ್ಯೆ: ಅಪ್ಪ ತೀರಿಕೊಂಡು 5 ತಿಂಗಳಾಯಿತು. ಅಮ್ಮ ಅಡುಗೆಮನೆ ಕಡೆ ತಲೆಯೇ ಹಾಕುತ್ತಿಲ್ಲ. ಎಲ್ಲ ನಾನೇ ಮಾಡಿ ಬಡಿಸುತ್ತೇನೆ. ನಾಲ್ಕು ತುತ್ತು ತಿಂದು ಎದ್ದುಬಿಡುತ್ತಾರೆ. ಮಾತೂ ಇಲ್ಲ. ಏನು ಮಾಡಲಿ?)

ತಂಗಿ, ನಮ್ಮಣ್ಣ ಹೋದಾಗ ನಾನೂ ನಿಮ್ಮ ಹಾಗೇ ಮಾಡಿದ್ದೆ. 'ನೀನು ಸುಮ್ನೆ ಕೂತ್ಕೋ ಅಮ್ಮ' ಅಂತ ಸೌಟು ಕಿತ್ತುಕೊಂಡಿದ್ದೆ. ಪ್ರೀತಿಯಿಂದಲೇ. ಆದರೆ ಇಡೀ ದಿನ ಕೂತು ಅವರು ಮಾಡುವುದಾದರೂ ಏನು, ಅದನ್ನೇ ನೆನೆಸಿಕೊಳ್ಳುವುದು ಅಲ್ವಾ?

ಒಂದು ಸಂಜೆ ಬೆಳ್ಳುಳ್ಳಿ ಬಟ್ಟಲು ಅವರ ಮುಂದಿಟ್ಟು, 'ಉಗುರು ಉರೀತಿದೆ, ಸ್ವಲ್ಪ ಸುಲಿದುಕೊಡು' ಅಂದೆ. ಪಕ್ಕದಲ್ಲೇ ಕೂತು ನಾನು ಈರುಳ್ಳಿ ಹೆಚ್ಚುತ್ತಿದ್ದೆ. ಅಮ್ಮ ಹೆಬ್ಬೆರಳಲ್ಲಿ ಎಸಳು ಒತ್ತಿ, ಸಿಪ್ಪೆ ಬಿಡಿಸಿ, ಒಂದೊಂದೇ ಬಟ್ಟಲಿಗೆ ಹಾಕುತ್ತಾ ಹೋದರು. ಏಳೋ ಎಂಟೋ ಆದ ಮೇಲೆ, ತಲೆ ಎತ್ತದೆ, 'ಅವನಿಗೆ ಬೆಳ್ಳುಳ್ಳಿ ಕಂಡ್ರೆ ಆಗ್ತಿರ್ಲಿಲ್ಲ' ಅಂದರು. ಅವತ್ತಿಗೆ ಅಷ್ಟೇ ಮಾತು.

ಎದುರು ಕೂತು 'ಹೇಗಿದ್ದೀಯಾ' ಅಂತ ಕೇಳಿದರೆ ಬಾಯಿ ಬಿಡದವರೂ ಕೈಗೆ ಕೆಲಸ ಸಿಕ್ಕಾಗ ಮಾತಾಡುತ್ತಾರೆ. ಮರುದಿನ ಈರುಳ್ಳಿ ಅವರ ಕೈಗೇ ಕೊಟ್ಟೆ. ಹೆಚ್ಚುವಾಗ ಅದರಿಂದ ಏಳುವ ಅನಿಲ ಯಾರ ಕಣ್ಣನ್ನೂ ಬಿಡುವುದಿಲ್ಲ. ಅಳುವುದಕ್ಕೆ ನೆಪ ಸಿಕ್ಕಿತು, ಯಾರೂ ಏನೂ ಕೇಳಲಿಲ್ಲ. ಒಂದು ಮಾತು: 'ಎಷ್ಟು ಚೆನ್ನಾಗಿ ಹೆಚ್ಚಿದ್ದೀಯಾ' ಅಂತ ಹೊಗಳಲು ಹೋಗಬೇಡಿ. ಅವರೇನು ಮಗುವಲ್ಲ.
— ನಿಮ್ಮಂಥದ್ದೇ ಮನೆಯ ಮಗಳು

ಹೆಂಡತಿ ಹೋದ ಮೇಲೆ ಮೊದಲ ಸಲ ಒಲೆ ಹಚ್ಚಿದಾಗ ಪಾತ್ರೆಯಲ್ಲಿ ಎರಡು ಮೊಟ್ಟೆ ಇಟ್ಟಿದ್ದೆ. ನೀರು ಕುದಿಯುವ ಮೊದಲೇ ಒಂದನ್ನು ವಾಪಸ್ ತೆಗೆದಿಟ್ಟೆ. ಅಡುಗೆಮನೆಯಲ್ಲಿ ಇಂಥ ಜಾಗಗಳು ಜಾಸ್ತಿ, ತಾಯಿ ಆ ಕಡೆ ಬರದಿದ್ದರೆ ಸೋಮಾರಿತನ ಅಂದುಕೊಳ್ಳಬೇಡಿ. ವಾಸನೆಯಂತೂ ಇನ್ನೂ ಕಷ್ಟ. ನೆನಪು, ಭಾವನೆ ನೋಡಿಕೊಳ್ಳುವ ಮಿದುಳಿನ ಭಾಗಗಳಿಗೆ ಅದಕ್ಕೆ ಹತ್ತಿರದ ದಾರಿ ಇದೆ. ಹಾಗಾಗಿ ನಿಮ್ಮ ತಂದೆಗೆ ಇಷ್ಟವಾಗಿದ್ದ ಅಡುಗೆಯಿಂದ ಶುರು ಮಾಡಬೇಡಿ. ಮನೆಯಲ್ಲಿ ಯಾರೂ ಮಾಡಿರದ ಏನಾದರೂ ಮಾಡಿ. ಕೆಟ್ಟರೆ ಕೆಡಲಿ. ನನ್ನ ಮೊದಲ ಸೂಪಿಗೆ ಎರಡು ಸಲ ಉಪ್ಪು ಬಿದ್ದಿತ್ತು, ಮಗ ತಿಂಗಳುಗಳ ನಂತರ ನಕ್ಕಿದ್ದು ಅವತ್ತೇ.
— ಈಗ ಒಂದೇ ಮೊಟ್ಟೆ ಬೇಯಿಸುವವ

ಆಪ್ತಸಲಹೆ ಕೆಲಸದಲ್ಲಿರುವವಳು ನಾನು. ಖಿನ್ನತೆಯ ಚಿಕಿತ್ಸೆಯಲ್ಲಿ 'ಮನಸ್ಸು ಬಂದಾಗ ಮಾಡಿ' ಅನ್ನುವುದಿಲ್ಲ. ಚಿಕ್ಕ ಕೆಲಸ ಮೊದಲು, ಮನಸ್ಸು ಆಮೇಲೆ ಬರುತ್ತದೆ. ಇದಕ್ಕೆ ಬಿಹೇವಿಯರಲ್ ಆಕ್ಟಿವೇಶನ್ ಅನ್ನುತ್ತಾರೆ. ಬೆಳ್ಳುಳ್ಳಿ ಸುಲಿಯುವುದೂ ಅಂಥದ್ದೇ. ಆದರೆ ಅಡುಗೆ ಔಷಧಿ ಅಲ್ಲ. ತೂಕ ಇಳಿಯುತ್ತಿದ್ದರೆ, ನಿದ್ದೆ ಇಲ್ಲದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದೆ 2 ವಾರ ದಾಟಿದರೆ ವೈದ್ಯರಿಗೆ ತೋರಿಸಿ. 'ಇದ್ದು ಏನು ಪ್ರಯೋಜನ' ಅನ್ನುವ ಮಾತು ಬಂದರೆ ಅವತ್ತೇ ಹೊರಡಿ.

ಇನ್ನೊಂದು ವಿಷಯ. ಅಮ್ಮ ಎಷ್ಟು ತುತ್ತು ತಿಂದರು ಅನ್ನುವ ಲೆಕ್ಕ ನಿಮ್ಮ ಪತ್ರದಲ್ಲಿದೆ. ಹೋದವರು ನಿಮಗೂ ಅಪ್ಪ. ನೀವು ಊಟ ಮಾಡ್ತಿದ್ದೀರಾ?
— ಒಬ್ಬ ಓದುಗಳು