ಕೋಚ್‌ಗೆ ಕೇಳಿ: ಐರ್ಲೆಂಡಿನ ಯುವ ನ್ಯಾಷನಲ್ ಲೀಗ್, ಟ್ರಯಲ್, ಏಜೆಂಟ್

ಅಡ್ಮಿನ್: ಐರ್ಲೆಂಡಿನಲ್ಲಿ ಮಕ್ಕಳನ್ನು ಫುಟ್‌ಬಾಲ್‌ಗೆ ಸೇರಿಸಿರುವವರ ಪ್ರಶ್ನೆಗಳಿಗೆ ಇವತ್ತು ಯುವೇಫಾ ಲೈಸೆನ್ಸ್ ಇರುವ ಅಕಾಡೆಮಿ ಕೋಚ್ ಉತ್ತರ ಕೊಡುತ್ತಾರೆ. ಫಾರ್ವರ್ಡ್ ಹಾಕಬೇಡಿ ದಯವಿಟ್ಟು.

ಸ್ವೋರ್ಡ್ಸ್ ಅಪ್ಪ: ಮಗ ಊರಿನ ಸ್ಕೂಲ್‌ಬಾಯ್ ಕ್ಲಬ್‌ನಲ್ಲಿ (ಮಕ್ಕಳ ಹವ್ಯಾಸಿ ಕ್ಲಬ್) ಚೆನ್ನಾಗಿಯೇ ಆಡುತ್ತಿದ್ದಾನೆ. ನ್ಯಾಷನಲ್ ಲೀಗ್ ಕ್ಲಬ್‌ಗೆ ಯಾಕೆ ಹೋಗಬೇಕು?

ಕೋಚ್: ಹೋಗಲೇಬೇಕು ಅಂತೇನಿಲ್ಲ. ಮೊದಲೆಲ್ಲ ಒಳ್ಳೆಯ ಹುಡುಗರು ಡಬ್ಲಿನ್‌ನ ನಾಲ್ಕಾರು ದೊಡ್ಡ ಸ್ಕೂಲ್‌ಬಾಯ್ ಕ್ಲಬ್‌ಗಳಲ್ಲಿ ಸೇರಿಕೊಂಡು, ಅಲ್ಲಿಂದ 15-16ಕ್ಕೇ ನೇರ ಇಂಗ್ಲೆಂಡಿಗೆ ಹೋಗುತ್ತಿದ್ದರು. ವಾರವಾರ ಎಂಟು ಗೋಲಿನಿಂದ ಗೆಲ್ಲುವ ತಂಡದ ಡಿಫೆಂಡರ್ ಏನು ಕಲಿಯುತ್ತಾನೆ? ಒತ್ತಡದಲ್ಲಿ ಚೆಂಡು ಹಿಡಿಯುವ ಪ್ರಸಂಗವೇ ಅವನಿಗೆ ಬರುವುದಿಲ್ಲ. ಸಮಬಲದವರು ವಾರವಾರ ಎದುರಾಗಲಿ ಅಂತಲೇ ಇಲ್ಲಿನ ಫುಟ್‌ಬಾಲ್ ಸಂಸ್ಥೆ ಎಫ್‌ಎಐ 2011ರಲ್ಲಿ 19ರೊಳಗಿನವರಿಗೆ, 2015ರಲ್ಲಿ 17, 2017ರಲ್ಲಿ 15, ನಂತರ 13ರೊಳಗಿನವರಿಗೆ ರಾಷ್ಟ್ರೀಯ ಲೀಗ್ ಮಾಡಿತು. ಕೆಳಗಿನ ಮೆಟ್ಟಿಲನ್ನು ಆಮೇಲೆ 14ಕ್ಕೆ ಏರಿಸಿದರು. ಸೀನಿಯರ್ ತಂಡವೇ ಇಲ್ಲದಿದ್ದ ಕೆರ್ರಿ, ಮೇಯೊ, ಕ್ಯಾವನ್-ಮೊನಾಹನ್ ಕಡೆಯವರಿಗೂ ಜಾಗ ಕೊಟ್ಟರು. ಕೆರ್ರಿ 2023ರಲ್ಲಿ ಫಸ್ಟ್ ಡಿವಿಷನ್‌ಗೇ (ಸೀನಿಯರ್ ಲೀಗಿನ ಎರಡನೇ ದರ್ಜೆ) ಬಂತು. ನಿಮ್ಮ ಮಗನಿಗೆ 12 ಆಗಿದ್ದರೆ ಇರುವಲ್ಲೇ ಇರಲಿ. ಪ್ರತಿ ಪಂದ್ಯದಲ್ಲಿ ಆಡಲು ಸಿಗುವುದು ಕ್ಲಬ್‌ನ ಹೆಸರಿಗಿಂತ ದೊಡ್ಡದು.

ಲಿಮರಿಕ್ ಅಮ್ಮ: ಟ್ರಯಲ್‌ಗೆ ಹೋಗುವುದು ಹೇಗೆ ಸರ್?

ಕೋಚ್: ಕ್ಲಬ್‌ನ ಅಕಾಡೆಮಿ ಮುಖ್ಯಸ್ಥರಿಗೆ ಇಮೇಲ್. ಹುಟ್ಟಿದ ವರ್ಷ, ಈಗಿನ ಕ್ಲಬ್, ಆಡುವ ಜಾಗ, ಮುಂದಿನ ಎರಡು ಪಂದ್ಯದ ದಿನಾಂಕ. ಈಗಿನ ಕ್ಲಬ್‌ಗೆ ತಿಳಿಸಿಯೇ ಕಳಿಸಿ. ವಿಡಿಯೊ ಬೇಡ.

ಟ್ರಾಲಿ ಅಪ್ಪ: 14ರ ಮಕ್ಕಳನ್ನು ಇಲ್ಲಿಂದ ಡೊನೆಗಲ್‌ವರೆಗೆ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗುವುದು ಅಭಿವೃದ್ಧಿಯೋ, ಹಿಂಸೆಯೋ?

ಕಾರ್ಕ್ ಅಪ್ಪ: ಅಷ್ಟು ದೂರ ವರ್ಷಕ್ಕೊಂದು ಸಲ. ಅದನ್ನೇ ಹಿಡಿದು ಜಗ್ಗಬೇಡಿ.

ಟ್ರಾಲಿ ಅಪ್ಪ: ಒಂದು ಸಲವೋ ನಾಲ್ಕು ಸಲವೋ, ರಾತ್ರಿ ಹನ್ನೊಂದಕ್ಕೆ ಬಂದು ಇಳಿಯುವ ಮಗುವನ್ನು ಬೆಳಿಗ್ಗೆ ಶಾಲೆಗೆ ಎಬ್ಬಿಸುವುದು ನಾವು.

ಕೋಚ್: ದೂರದ ತಕರಾರು ನ್ಯಾಯವಾದದ್ದು. 14, 15ರ ಮಟ್ಟದಲ್ಲಿ ಮೊದಲು ಪ್ರಾದೇಶಿಕ ಗುಂಪು, ಅಲ್ಲಿ ಮೇಲೆ ಬಂದವರಿಗೆ ಮಾತ್ರ ದೇಶದ ಮಟ್ಟ, ಇದೇ ಸರಿ ಅಂತ ನನ್ನ ಅಭಿಪ್ರಾಯ. ಪಂದ್ಯ ಮಧ್ಯಾಹ್ನ ಒಂದಕ್ಕೆ ಮುಂಚೆ ಇಡಿಸಿ ಅಂತ ಕ್ಲಬ್‌ಗೆ ಬರೆದು ಕೊಡಿ, ಪೋಷಕರೆಲ್ಲ ಸಹಿ ಹಾಕಿ.

ಟಾಲಾ ಅಮ್ಮ: ಮಗನಿಗೆ 15, ಭಾರತದ ಪಾಸ್‌ಪೋರ್ಟ್. ಒಬ್ಬರು ಏಜೆಂಟ್ ಅಂತ ಹೇಳಿಕೊಂಡು ಇಂಗ್ಲೆಂಡಿನ ಅಕಾಡೆಮಿಯಲ್ಲಿ ಖಚಿತ ಟ್ರಯಲ್, ಬೇಸಿಗೆಗೇ ಸಹಿ ಅಂತಿದ್ದಾರೆ. 3,000 ಯೂರೊ ಕೇಳುತ್ತಿದ್ದಾರೆ. ಹಿಂದೆ ಎಲ್ಲರೂ 16ಕ್ಕೇ ಹೋದರಲ್ಲ, ನಂಬಬಹುದಾ?

ಕೋಚ್: ಬೇಡ. ಒಂದು ಯೂರೊ ಕೂಡ ಕೊಡಬೇಡಿ. ಸ್ವಲ್ಪ ಉದ್ದವಾಗಿ ಬರೆಯುತ್ತೇನೆ, ಎಲ್ಲರೂ ಓದಿ.

ಫಿಫಾ ನಿಯಮದ 19ನೇ ವಿಧಿಯಂತೆ 18 ತುಂಬುವ ಮುನ್ನ ಆಟಗಾರನನ್ನು ಇನ್ನೊಂದು ದೇಶದ ಕ್ಲಬ್‌ಗೆ ವರ್ಗ ಮಾಡುವಂತಿಲ್ಲ. ಐರೋಪ್ಯ ಒಕ್ಕೂಟದ ಒಳಗೆ 16ಕ್ಕೇ ಹೋಗಬಹುದು ಅನ್ನುವ ವಿನಾಯಿತಿ ಇದೆ. ಹಿಂದೆ ಇಲ್ಲಿನ ಹುಡುಗರು ಇಂಗ್ಲೆಂಡಿಗೆ ಹೋಗುತ್ತಿದ್ದುದು ಆ ಬಾಗಿಲಿನಿಂದ. ಬ್ರೆಕ್ಸಿಟ್ ಆಗಿ 2021ರ ಜನವರಿಗೆ ಅದು ಮುಚ್ಚಿತು. ಇವಾನ್ ಫರ್ಗುಸನ್ ಬೊಹೀಮಿಯನ್ಸ್‌ನಿಂದ ಬ್ರೈಟನ್‌ಗೆ ಹೋದದ್ದು ಆ ಬಾಗಿಲು ಮುಚ್ಚುವ ಹೊತ್ತಿಗೆ. ಈಗ ಮೇಸನ್ ಮೆಲಿಯಾ ನೋಡಿ. 2025ರ ಫೆಬ್ರವರಿಯಲ್ಲೇ ಸೇಂಟ್ ಪ್ಯಾಟ್ರಿಕ್ಸ್ ಮತ್ತು ಟಾಟನ್‌ಹ್ಯಾಮ್ ನಡುವೆ ಮಾತಾಯಿತು, ಆದರೂ ಹುಡುಗ 18 ತುಂಬುವವರೆಗೆ ಇಲ್ಲೇ ಆಡಿದ, ಹೋಗಲು ಗೊತ್ತಾದದ್ದು 2026ರ ಜನವರಿಗೆ. ಅಷ್ಟು ದೊಡ್ಡ ಕ್ಲಬ್‌ಗೇ ಆಗದ್ದು ನಿಮ್ಮ ಏಜೆಂಟ್‌ಗೆ ಹೇಗೆ ಆಗುತ್ತದೆ? ಈ ಯುವ ಲೀಗ್‌ಗಳು ಇಷ್ಟು ಮುಖ್ಯವಾಗಿರುವುದೂ ಇದಕ್ಕೇ. 16ರಿಂದ 18ರವರೆಗಿನ ಎರಡು ವರ್ಷ ಹುಡುಗ ಬೆಳೆಯಬೇಕಾದದ್ದು ಇಲ್ಲಿಯೇ.

ನಿಮ್ಮ ಮಗನಿಗೆ ಇನ್ನೂ ಒಂದು ತೊಡಕಿದೆ. ಐರಿಷ್ ಪೌರನಾದರೆ 18ರ ನಂತರ ಬ್ರಿಟನ್ನಿನಲ್ಲಿ ಕೆಲಸಕ್ಕೆ ವೀಸಾ ಬೇಡ. ಭಾರತದ ಪಾಸ್‌ಪೋರ್ಟ್‌ಗೆ ವೀಸಾ ಬೇಕು, ಅದಕ್ಕೂ ಮೊದಲು ಇಂಗ್ಲೆಂಡಿನ ಎಫ್‌ಎ ಕೊಡುವ ಅಂಕ ಆಧಾರಿತ ಅನುಮೋದನೆ ಬೇಕು. ಪೌರತ್ವದ ಅರ್ಜಿ ಹಾಕುವ ಅರ್ಹತೆ ಬಂದಿದ್ದರೆ ಅದನ್ನು ಮೊದಲು ಮಾಡಿ.

ಏಜೆಂಟ್ ವಿಷಯ. ಫಿಫಾ ಲೈಸೆನ್ಸ್ ಇದೆಯಾ ಅಂತ ಫಿಫಾದ ಏಜೆಂಟ್ ಪಟ್ಟಿಯಲ್ಲಿ ಹೆಸರು ಹುಡುಕಿ. ಲೈಸೆನ್ಸ್ ಇದ್ದವರೂ ಅಪ್ರಾಪ್ತ ಆಟಗಾರನ ಹತ್ತಿರ ಬರಬೇಕಾದರೆ, ಆ ದೇಶದಲ್ಲಿ ಮೊದಲ ವೃತ್ತಿಪರ ಕರಾರಿಗೆ ಸಹಿ ಹಾಕುವ ವಯಸ್ಸಿಗೆ ಆರು ತಿಂಗಳೊಳಗೆ ಇರಬೇಕು, ಪೋಷಕರ ಲಿಖಿತ ಒಪ್ಪಿಗೆ ಬೇಕು. ನಿಜವಾದ ಅಕಾಡೆಮಿ ಟ್ರಯಲ್‌ಗೆ ದುಡ್ಡು ಕೇಳುವುದಿಲ್ಲ, ಪತ್ರ ಕ್ಲಬ್‌ನಿಂದ ಕ್ಲಬ್‌ಗೆ ಬರುತ್ತದೆ. ಇವನು ಕ್ಲಬ್‌ಗೆ ಬರೆದಿದ್ದಾನಾ, ನಿಮಗೆ ವಾಟ್ಸಾಪ್ ಮಾಡಿದ್ದಾನಾ?

ಗಾಲ್ವೇ ಅಮ್ಮ: ನಮ್ಮ ಮಗನದ್ದೂ ಭಾರತದ ಪಾಸ್‌ಪೋರ್ಟ್. ನ್ಯಾಷನಲ್ ಲೀಗ್ ಕ್ಲಬ್ ಆರಿಸಿಕೊಂಡಿದೆ, ನೋಂದಣಿ ಎರಡು ತಿಂಗಳಿಂದ ನಿಂತಿದೆ.

ಕೋಚ್: ಬೇರೆ ದೇಶದ ಪ್ರಜೆಯಾದ ಮಗುವಿನ ಮೊದಲ ನೋಂದಣಿಗೂ 19ನೇ ವಿಧಿಯೇ ಅನ್ವಯ. ಶುದ್ಧ ಹವ್ಯಾಸಿ ಕ್ಲಬ್‌ಗೆ ಸಿಗಬಹುದಾದ ರಿಯಾಯಿತಿ ವೃತ್ತಿಪರ ಕ್ಲಬ್‌ನ ಯುವ ತಂಡಕ್ಕೆ ಸಿಗದು. ಅರ್ಜಿ ಎಫ್‌ಎಐ ಮೂಲಕ ಫಿಫಾದ ಆನ್‌ಲೈನ್ ವ್ಯವಸ್ಥೆಗೆ ಹೋಗುತ್ತದೆ. ಪೋಷಕರು ಫುಟ್‌ಬಾಲ್‌ಗೆ ಸಂಬಂಧವಿಲ್ಲದ ಕಾರಣಕ್ಕೆ ಬಂದರು ಅಂತ ತೋರಿಸಬೇಕು: ಜನನ ಪತ್ರ, ಮೂವರ ಪಾಸ್‌ಪೋರ್ಟ್, ಕೆಲಸದ ಕರಾರು, ಪರ್ಮಿಟ್, ಮನೆ ವಿಳಾಸದ ಪುರಾವೆ. ಹೆಚ್ಚಾಗಿ ಸಿಕ್ಕಿಬೀಳುವುದು ಹೆಸರಿನಲ್ಲಿ. ಜನನ ಪತ್ರದಲ್ಲಿ ಇನಿಷಿಯಲ್, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು. ಎರಡೂ ಹೆಸರು ಒಬ್ಬರದ್ದೇ ಅನ್ನುವ ಅಫಿಡವಿಟ್ ಮಾಡಿಸಿ ಕೊಡಿ.

ಬ್ರೇ ಅಪ್ಪ: ಮಂಡಿ ಚಿಪ್ಪಿನ ಕೆಳಗೆ ಗಂಟು, ನೋವು. 13 ವರ್ಷ. ಸಾಸಿವೆ ಎಣ್ಣೆ ಬಿಸಿ ಮಾಡಿ ತಿಕ್ಕಿ ದಿನಾ ನೂರು ಬಸ್ಕಿ ಹೊಡೆಸಿದರೆ ಹೋಗುತ್ತದೆ ಅಂತ ಈ ಮೆಸೇಜ್ ಬಂದಿದೆ, ಹಾಕಲಾ?

ಕೋಚ್: ಹಾಕಬೇಡಿ! ಎಳೆಯುವ ಸ್ನಾಯುವನ್ನೇ ನೂರು ಸಲ ಎಳೆಸಿದರೆ ನೋವು ಹೋಗುತ್ತದಾ? ಎತ್ತರ ಬೆಳೆಯುವ ವಯಸ್ಸಿನಲ್ಲಿ ತೊಡೆಯ ಸ್ನಾಯು ಮೊಣಕಾಲ ಕೆಳಗಿನ ಮೂಳೆಯ ಬೆಳವಣಿಗೆಯ ಜಾಗವನ್ನು ಜಗ್ಗುವುದರಿಂದ ಇದು ಬರುತ್ತದೆ. ಓಟ, ಜಿಗಿತ ಕಡಿಮೆ ಮಾಡಿ, ಆಟದ ನಂತರ ಐಸ್ ಇಡಿ, ಫಿಸಿಯೊಗೆ ತೋರಿಸಿ. ವಾರಕ್ಕೆ ಎಷ್ಟು ಆಡುತ್ತಾನೆ? ನ್ಯಾಷನಲ್ ಲೀಗ್ ಮಾರ್ಚ್‌ನಿಂದ ನವೆಂಬರ್, ಶಾಲೆಯ ತಂಡ ಚಳಿಗಾಲ, ಮೇಲೆ ಗೇಲಿಕ್ ಫುಟ್‌ಬಾಲ್ (ಐರ್ಲೆಂಡಿನ ಸಾಂಪ್ರದಾಯಿಕ ಆಟ). ಮೂರೂ ಸೇರಿದರೆ ಮಗುವಿಗೆ ಬಿಡುವಿನ ತಿಂಗಳೇ ಇಲ್ಲ. ಕುಂಟುತ್ತಿದ್ದರೆ, ಪಾದ ಹೊರಗೆ ತಿರುಗಿದ್ದರೆ ಅದು ಸೊಂಟದ ಕೀಲಿನದ್ದಿರಬಹುದು, ನಡೆಸದೆ ಅವತ್ತೇ ಆಸ್ಪತ್ರೆಗೆ.

ಕಾರ್ಕ್ ಅಪ್ಪ: ಗೇಲಿಕ್ ಬಿಡಿಸಿ, ಅಷ್ಟೇ.

ಟ್ರಾಲಿ ಅಪ್ಪ: ಕೆರ್ರಿಗೆ ಬಂದು ಈ ಮಾತು ಹೇಳಿ ನೋಡೋಣ. ಸ್ಕೂಲ್‌ಬಾಯ್ ಕ್ಲಬ್ ಹುಡುಗನನ್ನು ಬೆಳೆಸುತ್ತದೆ, ನ್ಯಾಷನಲ್ ಲೀಗ್ ಕ್ಲಬ್ ಎತ್ತಿಕೊಂಡು ಹೋಗಿ ಮಾರುತ್ತದೆ. ಐರ್ಲೆಂಡ್ ತಂಡದ ಲಿಯಾಮ್ ಬ್ರೇಡಿ, ರಾಬಿ ಬ್ರೇಡಿ ಬಂದದ್ದು ಸೇಂಟ್ ಕೆವಿನ್ಸ್ ಬಾಯ್ಸ್‌ನಿಂದ.

ಕಾರ್ಕ್ ಅಪ್ಪ: ಹಳೇ ಕಥೆ. ಗೋಲ್‌ಕೀಪರ್ ಬಜ಼ುನು ಶ್ಯಾಮ್‌ರಾಕ್ ರೋವರ್ಸ್‌ನಲ್ಲಿ 16ಕ್ಕೇ ಸೀನಿಯರ್ ಗೋಲ್ ಕಾದ, ಅದು ಯಾವ ಸ್ಕೂಲ್‌ಬಾಯ್ ಲೀಗಿನಲ್ಲಿ ಆಗುತ್ತದೆ?

ಕೋಚ್: ಹಣದ ಲೆಕ್ಕ ಹೇಳಿ ಮುಗಿಸುತ್ತೇನೆ. ದೇಶದಾಚೆಗೆ ಮಾರಿದಾಗ ಮೊತ್ತದ 5% ಬೆಳೆಸಿದ ಕ್ಲಬ್‌ಗಳಿಗೆ. 12ರಿಂದ 15ರವರೆಗೆ ವರ್ಷಕ್ಕೆ 0.25%, 16ರಿಂದ 23ರವರೆಗೆ 0.5%. 20 ಲಕ್ಷ ಯೂರೊಗೆ ಹೋದರೆ ಎರಡು ವರ್ಷ ಸಾಕಿದ ಸ್ಕೂಲ್‌ಬಾಯ್ ಕ್ಲಬ್‌ಗೆ 10,000. ನೋಂದಣಿ ದಾಖಲೆ ಇಟ್ಟುಕೊಳ್ಳದ ಕ್ಲಬ್ ಇದನ್ನೂ ಕಳೆದುಕೊಳ್ಳುತ್ತದೆ. ಜಗಳ ಬೇರೆ ಕಡೆ ಮಾಡಿ.

ಡಬ್ಲಿನ್ 15: ಬೆಂಗಳೂರಿನಲ್ಲಿ ಇಂಥದ್ದು ಇದೆಯಾ?

ಎನಿಸ್ ಅಮ್ಮ: ಮಗ ನವೆಂಬರ್‌ನಲ್ಲಿ ಹುಟ್ಟಿದವನು, ತಂಡದಲ್ಲಿ ಎಲ್ಲರಿಗಿಂತ ಚಿಕ್ಕವನು. ತೊಂದರೆಯಾ?

ಲಿಮರಿಕ್ ಅಪ್ಪ: ಟ್ರಯಲ್‌ಗೆ ಯಾರನ್ನು ಕೇಳಬೇಕು?

ಕೋಚ್: ಮೇಲೆ ಬರೆದಿದ್ದೇನೆ. ಓದಿ.

ಟ್ರಾಲಿ ಅಪ್ಪ: 10,000 ಅಂದರೆ ಎರಡು ವರ್ಷದ ಬಸ್ ಬಾಡಿಗೆಗೂ ಸಾಲದು.

ಕಾರ್ಕ್ ಅಪ್ಪ: ಮತ್ತೆ ಬಸ್ಸು!

ಟಾಲಾ ಅಮ್ಮ: ಸರ್, ವಾಟ್ಸಾಪ್ ಮಾತ್ರ. ಮುಂಗಡ 500 ಕಳಿಸಿಬಿಟ್ಟಿದ್ದೇವೆ, ಮಗನ ಪಾಸ್‌ಪೋರ್ಟ್ ಪ್ರತಿ ಕೂಡ.

ಕೋಚ್: ಬ್ಯಾಂಕಿಗೆ ಈಗಲೇ ಫೋನ್ ಮಾಡಿ, ಪಾವತಿ ವಂಚನೆ ಅಂತ ದಾಖಲಿಸಿ, ದೂರಿನ ಸಂಖ್ಯೆ ಕೇಳಿ. ಸಂದೇಶ ಒಂದನ್ನೂ ಅಳಿಸಬೇಡಿ, ಸ್ಕ್ರೀನ್‌ಶಾಟ್ ತೆಗೆದು ಹತ್ತಿರದ ಗಾರ್ಡಾ (ಪೊಲೀಸ್) ಠಾಣೆಗೆ ಕೊಡಿ. ನಾಳೆ ಕ್ಲಬ್‌ನ ಮಕ್ಕಳ ರಕ್ಷಣಾ ಅಧಿಕಾರಿಗೆ ಹೇಳಿ, ಬೇರೆ ಮನೆಗಳಿಗೂ ಅವನು ಬರೆದಿರುತ್ತಾನೆ. ಉಳಿದವರು ಸ್ವಲ್ಪ ಹೊತ್ತು ಟೈಪ್ ಮಾಡುವುದು ನಿಲ್ಲಿಸಿ. ಇದೇ ನಂಬರ್‌ನಿಂದ ಇಲ್ಲಿ ಬೇರೆ ಯಾರಿಗೆ ಮೆಸೇಜ್ ಬಂದಿದೆ?